ಅಳಿಲು ದಾಟದ ಹಳ್ಳ

ನಮ್ಮ ಮನೆಯ ದೇವರ ಗೂಡಿನಲ್ಲಿ, ಗಂಟೆಗೂ ಊದುಬತ್ತಿಯ ಡಬ್ಬಿಗೂ ನಡುವೆ, ಒಂದು ಹಳೆಯ ವಿಡಿಯೊ ಗೇಮಿನ ರಿಮೋಟು ಇದೆ. ಬೂದುಬಣ್ಣದ್ದು, ಉದ್ದನೆಯ ವೈರನ್ನು ಮೈಗೇ ಸುತ್ತಿಕೊಂಡದ್ದು, ಬಟನ್ನುಗಳ ಮೇಲೆ ಮೂರು ಸೊಟ್ಟ ವಿಭೂತಿ ಗೆರೆ ಹೊತ್ತದ್ದು. ಮನೆಗೆ ಬಂದವರು ಕೈಮುಗಿಯುವಾಗ ಅದನ್ನು ನೋಡಿ ಕ್ಷಣ ತಡವರಿಸಿ, ಯಾವುದಕ್ಕೂ ಇರಲಿ ಎಂದು ಅದಕ್ಕೂ ಸೇರಿಸಿಯೇ ಮುಗಿದು ಹೋಗುತ್ತಾರೆ. ನಾನೂ ವಿವರಿಸಲು ಹೋಗುವುದಿಲ್ಲ. ನಿಮಗಾದರೆ ಹೇಳಬಹುದು, ಕೇಳಿ.

ನಾನೂ ತಂಗಿ ಶೈಲಜಳೂ ಚಿಕ್ಕವರಾಗಿದ್ದಾಗ ಟೀವಿಯಲ್ಲಿ ಒಂದು ಕಾರ್ಟೂನು ಬರುತ್ತಿತ್ತು. ಕೆಂಪು ಟೋಪಿಯ ಅಳಿಲೊಂದು ಮಿಂಚಿನಂತೆ ಓಡಿ, ಸೂರಿನಿಂದ ಸೂರಿಗೆ ಹಾರಿ, ದಡ್ಡ ತೋಳನಿಗೆ ಮಣ್ಣು ಮುಕ್ಕಿಸುತ್ತಿತ್ತು. ಅದರದೇ ಆಟ ಎಂದು ಅಂಗಡಿಯವನು ಹೊಗಳಿ ಕೊಟ್ಟ ಕ್ಯಾಸೆಟ್ಟನ್ನು ತಂದು ಹಾಕಿದ ಮೇಲೆ ಗೊತ್ತಾಯಿತು, ಇದು ಆ ಅಳಿಲಿನ ದೂರದ ನೆಂಟ, ಅದೂ ಮದುವೆ ಊಟ ಮುಗಿಸಿ ನೇರವಾಗಿ ಬಂದವನು. ಹಾರುವ ಬಟನ್ ಒತ್ತಿದರೆ ಅದು ಹಾರುವುದಿಲ್ಲ. ನಮ್ಮ ಅರ್ಜಿಯನ್ನು ಸ್ವೀಕರಿಸಿ, ಪರಿಶೀಲಿಸಿ, ಮೇಲಧಿಕಾರಿಗಳ ಗಮನಕ್ಕೆ ತಂದು, ಆಮೇಲೆ ಹಾರುತ್ತದೆ. ಅಷ್ಟು ಹೊತ್ತಿಗೆ ಹಳ್ಳದೊಳಗೆ ಇರುತ್ತದೆ. ಬೀಳುವಾಗಲೂ ನಗುತ್ತಿರುತ್ತದೆ, ಏಕೆಂದರೆ ಆಟ ತಯಾರಿಸಿದ ಮಹಾನುಭಾವರು ಅದಕ್ಕೆ ಬೇರೊಂದು ಮುಖವನ್ನೇ ಬರೆದಿರಲಿಲ್ಲ. ಬಿದ್ದರೆ ಎಲ್ಲವೂ ಮೊದಲಿನಿಂದ. ಮೂರನೆಯ ಹಂತದ ಅಗಲವಾದ ಹಳ್ಳವನ್ನು ನಾವಿಬ್ಬರೂ ಬಾಲ್ಯವಿಡೀ ದಾಟಲಿಲ್ಲ. ಕ್ಯಾಸೆಟ್ಟನ್ನು ಕಿತ್ತು ಬಾಯಲ್ಲಿ ಊದಿದೆವು, ಅಳಿಲಿನ ವಂಶವನ್ನೆಲ್ಲ ಬೈದೆವು, ಒಬ್ಬರನ್ನೊಬ್ಬರು ಗಿಲ್ಲಿದೆವು.

ಗುಬ್ಬಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪಾಜಿ ಮನೆಗೆ ಬಂದವರೇ, "ಹಾರಕ್ ಬರ್ದಿರೋ ಅಳಿಲ್ಗೆ ನನ್ ಕರೆಂಟ್ ಯಾಕ್ರೋ ಸುಡ್ತೀರಾ?" ಎನ್ನುತ್ತಿದ್ದರು. ಆ ಆಟದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಇವತ್ತಿನವರೆಗೆ ಕೇಳಿಲ್ಲ.

ಈಗ ಅಂಗಡಿಯಿಲ್ಲ, ಮರಳೂರಿನ ಮನೆಯಲ್ಲಿ ಅಪ್ಪಾಜಿ, ಅಮ್ಮ, ನಾನು ಒಟ್ಟಿಗಿದ್ದೇವೆ. ಹೋದ ಬೇಸಿಗೆಯಲ್ಲಿ ಅಪ್ಪಾಜಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ನಡಿಗೆ ಮರಳಿತು, ಬಲಗೈ ಬೆರಳುಗಳು ಮಾತ್ರ ಹೇಳಿದ ಮಾತು ಕೇಳದಾದವು. ಆ ಬೆರಳುಗಳಿಂದ ಅವರಿಗೆ ಮುಖ್ಯವಾಗಿ ಬೇಕಿದ್ದ ಕೆಲಸ ಒಂದೇ, ಬೆಳಗಿನ ಸ್ನಾನವಾದ ಮೇಲೆ ಹಣೆಗೆ ವಿಭೂತಿ ಎಳೆದುಕೊಳ್ಳುವುದು. ಅಮ್ಮ ಸ್ಕೇಲಿಟ್ಟಂತೆ ನೇರವಾಗಿ ಎಳೆಯುತ್ತಿದ್ದಳು. ಅವರು ಕ್ಷೌರಕ್ಕೆ ಕೂರಿಸಿದ ಮಗುವಿನಂತೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ನಿಟ್ಟೂರಿನ ನೆಂಟರ ಗೃಹಪ್ರವೇಶಕ್ಕೂ ಹೋಗಲಿಲ್ಲ. "ಹೆಂಡ್ರ ಕೈಲಿ ಈಬೂತಿ ಇಡಿಸ್ಕೊಂಡು ನಾಲ್ಕ್ ಜನದ್ ಮುಂದೆ ಕೂರಕ್ಕಾಯ್ತದಾ? ನನ್ ಕೈಯಾರೆ ಇಟ್ಕೊಂಡ್ ದಿನ ಬರ್ತೀನಿ, ಹೇಳು ಅವ್ರಿಗೆ" ಎಂದರು.

ಫಿಸಿಯೋಥೆರಪಿಯವರು ಹಿಸುಕಲು ಕೊಟ್ಟ ಚೆಂಡು ಸೋಫಾದ ಕೆಳಗೆ ನೆಮ್ಮದಿಯಾಗಿ ವಾಸಿಸುತ್ತಿತ್ತು. ಕುಣಿಗಲ್ಲಿನ ತನ್ನ ಮನೆಯಿಂದ ಬಂದ ಶೈಲಜ ಅದನ್ನು ನೋಡಿ, ಅಟ್ಟ ಹತ್ತಿ, ಧೂಳು ಮೆತ್ತಿದ ಆಟದ ಪೆಟ್ಟಿಗೆಯನ್ನು ಇಳಿಸಿದಳು. "ಚೆಂಡ್ ಬ್ಯಾಡ ಅಂದ್ರೆ ಇದನ್ನಾದ್ರೂ ಒತ್ತಿ ಅಪ್ಪಾಜಿ. ಸುಡ್ಲಿ ನಿಮ್ ಕರೆಂಟು." ಗಟ್ಟಿಮುಟ್ಟಾಗಿರುವವರಿಗೇ ತಲೆ ಕೆಡಿಸುವ ಆಟವನ್ನು ಕೈಸೋತವರಿಗೆ ಮದ್ದಾಗಿ ಕೊಟ್ಟ ಅವಳ ವೈದ್ಯಕೀಯ ಪ್ರತಿಭೆಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಅಪ್ಪಾಜಿ ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ರಿಮೋಟಿಟ್ಟು, ವಿಭೂತಿಗೆ ಜೋಡಿಸುವಂತೆಯೇ ಮೂರು ಬೆರಳು ಜೋಡಿಸಿ ಬಟನ್ನಿನ ಮೇಲೆ ಹೊರಿಸಿದರು. ಅವರು ಬೆರಳಿಗೆ ಹೇಳಬೇಕು, ಬೆರಳು ಯೋಚಿಸಿ ಒತ್ತಬೇಕು, ಆಮೇಲೆ ಅಳಿಲು ಯೋಚಿಸಿ ಹಾರಬೇಕು. ಎರಡು ಸೋಮಾರಿತನ ಕೂಡಿದರೆ ಹಳ್ಳವೇ ಗತಿ ಎಂಬುದು ನನ್ನ ಲೆಕ್ಕ. ಕೆಲವು ದಿನ ಹಾಗೆಯೇ ಆಯಿತು. ಆಮೇಲೆ ಅವರು, ಬಸ್ಸು ದೂರದಲ್ಲಿರುವಾಗಲೇ ಕೈಯೆತ್ತಿ ನಿಲ್ಲುವವರಂತೆ, ಹಳ್ಳ ಬರುವ ಬಹಳ ಮುಂಚೆಯೇ ಒತ್ತತೊಡಗಿದರು. ಅಳಿಲು ಮೊದಲ ಹಂತ ದಾಟಿತು, ಎರಡನೆಯದನ್ನೂ ದಾಟಿತು. ಪಕ್ಕದಲ್ಲಿ ಕೂತು "ಬೇಗ, ಬೇಗ ಒತ್ತಿ" ಎಂದು ಕಿರುಚುತ್ತಿದ್ದ ನನಗೆ, "ಅವಸರ ಮಾಡ್ಬ್ಯಾಡ ಕಣೋ. ಅದಕ್ಕೆ ಹೇಳಿದ್ದು ತಲುಪಕ್ಕೆ ವಸಿ ಹೊತ್ತು ಬೇಕು, ಪಾಪ" ಎಂದರು.

ಪಾಪ! ಇಷ್ಟು ವರ್ಷದಲ್ಲಿ ಆ ಅಳಿಲಿಗೆ ಯಾರೂ ಹೇಳದಿದ್ದ ಮಾತು. ನಾವು ಅದರಿಂದ ಟೀವಿಯ ಚುರುಕನ್ನು ಬಯಸಿದೆವು, ಅದು ತನ್ನ ಕೈಲಾದಷ್ಟೇ ಹಾರಿತು. ಅಪ್ಪಾಜಿಯ ಬೆರಳಿನಿಂದ ಗುಬ್ಬಿ ಅಂಗಡಿಯ ಕಾಲದ ಚುರುಕನ್ನು ಬಯಸುತ್ತಿದ್ದವರೂ ನಾವೇ. ಅಳಿಲು ಎಂದಿನಂತೆ ಮೂರನೆಯ ಹಂತದ ಹಳ್ಳಕ್ಕೆ ನಗುತ್ತಾ ಬಿತ್ತು.

ಆಯುಧಪೂಜೆ ಬಂತು. ಅಮ್ಮ ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆ ಮಣೆ, ನನ್ನ ಸ್ಕೂಟರಿನ ಕೀಲಿಯನ್ನೆಲ್ಲ ಒರೆಸಿ ಸಾಲಾಗಿ ಇಟ್ಟಳು. ಸಾಲಿನ ಕೊನೆಗೆ ಅಪ್ಪಾಜಿ ರಿಮೋಟನ್ನು ತಂದಿಟ್ಟರು. ಅಮ್ಮ ಅದಕ್ಕೂ ವಿಭೂತಿ ಹಚ್ಚಲು ಬಗ್ಗುವಷ್ಟರಲ್ಲಿ, "ತಡಿ, ಅದು ನನ್ ಆಯುಧ. ನಾನಿಡ್ತೀನಿ" ಎಂದು ಬಟ್ಟಲಿನ ನೆನೆದ ವಿಭೂತಿಗೆ ಬೆರಳದ್ದಿ, ಧಾರಾಳವಾಗಿ ಎಳೆದರು. ಬೆರಳಲ್ಲಿ ಇನ್ನೂ ಮಿಕ್ಕಿತ್ತು. ಮಿಕ್ಕ ವಿಭೂತಿಯನ್ನು ನಮ್ಮಲ್ಲಿ ಯಾರೂ ಬಟ್ಟೆಗೆ ಒರೆಸುವುದಿಲ್ಲ. ಆ ಹಳೆಯ ಅಭ್ಯಾಸಕ್ಕೆ ಕೈ ತಾನಾಗಿಯೇ ಎದ್ದು, ಯೋಚಿಸಿ, ತಡವಾಗಿ, ಹಣೆಯವರೆಗೆ ಹೋಗಿ ಎಳೆಯಿತು. "ಒಲೆ ಮೇಲೆ ಹಾಲಿಟ್ಟಿದ್ದೆ" ಎಂದು ಅಮ್ಮ ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ.

ಪೂಜೆಯ ದಿನ ಆಯುಧ ಮುಟ್ಟುವಂತಿಲ್ಲ. ಮರುದಿನ ಆಟ ಹಚ್ಚಿದರೆ ಬಟನ್ ಅಲುಗಲಿಲ್ಲ. ಸಂದಿಗಿಳಿದ ವಿಭೂತಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಪೂಜೆ ಮಾಡಿಯೇ ಯಂತ್ರ ಕೆಡಿಸುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ನಾನು ಸೂಜಿ, ಬ್ರಷ್ಷು ತಂದು ಕೂತೆ. ಅಪ್ಪಾಜಿ ನನ್ನ ಕೈಯಿಂದ ರಿಮೋಟು ತೆಗೆದುಕೊಂಡು, "ಬುಡೋ, ಅದೂ ವಸಿ ಸುಧಾರಿಸ್ಕೊಳ್ಲಿ. ನಿಟ್ಟೂರಿಗೆ ಬಸ್ ಎಷ್ಟೊತ್ತಿಗೈತೆ ನೋಡು" ಎಂದು ದೇವರ ಗೂಡಿನಲ್ಲಿ ಇಟ್ಟರು.

ಅಲ್ಲೇ ಇದೆ. ಅಳಿಲು ಆ ಹಳ್ಳವನ್ನು ದಾಟಲೇ ಇಲ್ಲ. ದಿನಾ ಬೆಳಿಗ್ಗೆ ಅಪ್ಪಾಜಿ ಆ ರಿಮೋಟಿನ ಮುಂದೆ ನಿಂತು ಹಣೆಗೆ ವಿಭೂತಿ ಎಳೆದುಕೊಳ್ಳುತ್ತಾರೆ. ಒಂದು ಗೆರೆ ಹುಬ್ಬಿನ ಕಡೆ ಜಾರುತ್ತದೆ, ಇನ್ನೊಂದು ಅರ್ಧಕ್ಕೇ ನಿಲ್ಲುತ್ತದೆ. ತಿದ್ದಬೇಕೆಂದು ಅಮ್ಮನ ಕೈ ಕಡಿಯುತ್ತದೆ. ತಿದ್ದುವುದಿಲ್ಲ.