ತಿಮಾರೆ ಕಟ್ಟಿದ ಆಲಿವ್ ಮಾಲೆ

ನಮ್ಮ ದಾದಿ ತಿಮಾರೆಗೆ ಕಣ್ಣು ಮಂಜು ಎಂದು ಅಥೆನ್ಸಿನ ಕುಂಬಾರಗೇರಿಗೆಲ್ಲ ಗೊತ್ತಿತ್ತು. ಅಂಗಳದ ಆ ತುದಿಯಿಂದ ನನ್ನ ತಲೆಯ ಹೇನು ಅವಳಿಗೆ ಕಾಣುತ್ತಿತ್ತು, ಅದು ಬೇರೆ ಮಾತು.

ನನ್ನಪ್ಪ ಆರ್ಖಿಪ್ಪನನ್ನೂ ಸಾಕಿದವಳು ಅವಳೇ. ತಾನು ಅಗಿದು ಮೆತ್ತಗೆ ಮಾಡಿದ ತುತ್ತನ್ನು ಅವನ ಬಾಯಿಗಿಟ್ಟವಳು. ಹಾಗಾಗಿ ಕೇರಿಗೆ ಅವನು ಯಜಮಾನ, ಅವಳಿಗೆ ಮೂಗು ಸುರಿಸುವ ಹುಡುಗ.

ನಾನು ಮೂರನೆಯ ಹೆಣ್ಣಾಗಿ ಹುಟ್ಟಿದೆ. ನಮ್ಮೂರ ಪದ್ಧತಿಯಂತೆ, ಅಪ್ಪನಾದವನು ಎತ್ತಿಕೊಂಡು ಒಲೆಯ ಸುತ್ತ ಓಡಿದರೆ ಮಗು ಮನೆಯದು. ಇಲ್ಲದಿದ್ದರೆ ಮಡಕೆಯಲ್ಲಿಟ್ಟು ಊರಾಚೆ ಬಿಟ್ಟು ಬರುವುದು. ಕುಂಬಾರನ ಮನೆಯಲ್ಲಿ ಮಡಕೆಗೇನು ಬರ! ಅಪ್ಪನಿಗೆ ಇದ್ದಕ್ಕಿದ್ದಂತೆ ಸೊಂಟನೋವು ಬಂತು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಗಂಡು ಹುಟ್ಟಿದರೆ ಬಾಗಿಲಿಗೆ ಆಲಿವ್ ಮಾಲೆ, ಹೆಣ್ಣಾದರೆ ಉಣ್ಣೆ. ಏನೂ ಕಟ್ಟಬೇಡ ಎಂದು ಅಪ್ಪ ತಿಮಾರೆಗೆ ಕಟ್ಟಪ್ಪಣೆ ಮಾಡಿದ್ದ. ಬೆಳಿಗ್ಗೆ ನೋಡಿದರೆ ಬಾಗಿಲ ತುಂಬ ಆಲಿವ್ ಎಲೆ. ಗಂಡು ಹುಟ್ಟಿತೆಂದು ಕೇರಿಯವರೆಲ್ಲ, ಮಗು ಹುಟ್ಟಿದ ಮನೆಗೆ ಕೊಡುವ ರೂಢಿಯ ಉಡುಗೊರೆ ಆಕ್ಟೋಪಸ್ ಹಿಡಿದು ಅಂಗಳದಲ್ಲಿ ನಿಂತಿದ್ದರು.

"ಏ ಮುದುಕೀ, ಯಾರೇ ಇದನ್ನ ಕಟ್ಟಿದ್ದು?"

"ಅಯ್ಯೋ, ಆಲಿವ್ವಾ ಅದು? ಉಣ್ಣೆ ಅಂದ್ಕೊಂಡೆ ಕಣಪ್ಪಾ. ಹಾಳು ಕಣ್ಣು."

"ಏನೂ ಕಟ್ಬೇಡ ಅಂದಿರ್ಲಿಲ್ವಾ?"

"ಕಿವೀನೂ ಹೋಗಿದೆ ಮಗಾ." ತಿಮಾರೆ ನನ್ನನ್ನು ಅವನ ಕೈಗೆ ತುರುಕಿದಳು. "ಜನ ಕಾಯ್ತಿದಾರೆ. ಓಡ್ತೀಯೋ, ಇಲ್ಲ ಹೆಣ್ಣು ಅಂತ ಬಿಸಾಕ್ದೆ ಅಂತ ಅವರಿಗೆ ನೀನೇ ಹೇಳ್ತೀಯೋ?"

"ಸೊಂಟ ಹಿಡ್ಕೊಂಡಿದೆ ಕಣೇ..."

"ನೀನು ಹುಟ್ಟಿದಾಗ ನಿಮ್ಮಪ್ಪಂಗೂ ಹಿಡ್ಕೊಂಡಿತ್ತು. ನರಪೇತಲ, ಬದುಕಲ್ಲ, ಬೇಡ ಅಂದಿದ್ದ. ನಾನೇ ಓಡ್ಸಿದ್ದು. ಓಡು."

ಅಪ್ಪನ ಮುಖ ಇಳಿದುಹೋಯಿತಂತೆ. ನನ್ನನ್ನು ಎದೆಗವಚಿಕೊಂಡು ಒಲೆಯ ಸುತ್ತ ಓಡಿದ. ಹೊಟ್ಟೆ ಕುಣಿಯುತ್ತಿತ್ತು, ಏದುಸಿರು ಬರುತ್ತಿತ್ತು, ಒಂದು ಸುತ್ತು ಹೆಚ್ಚೇ ಓಡಿದ ಎಂದು ಅಮ್ಮ ಈಗಲೂ ನಗುತ್ತಾಳೆ. ಹೆಣ್ಣೆಂದು ತಿಳಿದ ಮೇಲೂ ಯಾರೂ ಆಕ್ಟೋಪಸ್ ವಾಪಸು ಕೇಳಲಿಲ್ಲ.

ತಿಮಾರೆ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಬೈಗುಳವಿಲ್ಲದ ಮನೆ ನನಗಿನ್ನೂ ಒಗ್ಗಿಲ್ಲ. ಜಿಪುಣನೆಂದು ಹೆಸರಾದ ಅಪ್ಪ ಸಮಾಧಿಗೆ ಒಳ್ಳೆಯ ಕಲ್ಲನ್ನೇ ನಿಲ್ಲಿಸಿದ. ಮೊನ್ನೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮಡಿಲಿನಿಂದ ಬಿಳಿ ಉಣ್ಣೆಯ ಎಳೆ ತೆಗೆದು ಕಲ್ಲಿಗೆ ಸುತ್ತಿದ.

"ಅವತ್ತು ಬಾಗಿಲಿಗೆ ಕಟ್ಬೇಕಾಗಿದ್ದದ್ದು" ಎಂದ.

ಆಮೇಲೆ ಮೊಣಕಾಲೂರಿದವನಿಗೆ ಏಳಲಾಗಲಿಲ್ಲ. "ಸೊಂಟ ಹಿಡ್ಕೊಂಡಿದೆ ಮಗಳೇ" ಎಂದ.

ಈ ಸಲ ನಿಜವಾಗಿತ್ತು. ಹೆಗಲು ಕೊಟ್ಟು ಮನೆಗೆ ಕರೆತಂದೆ.