ಸೂರಿಗೂ ಗೋಡೆಗೂ ನಡುವೆ

ಇಲ್ಲಿ ಬರೆಯುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಮಾಳಪ್ಪ ನಮ್ಮ ಮನೆಗೆ ಬಂದದ್ದು ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ನೆನಪಿಲ್ಲ. ಅವರ ಕೈಯಲ್ಲಿದ್ದದ್ದು ಅಲ್ಯುಮಿನಿಯಂ ಹಾಳೆಯೇ, ಸತುವಿನ ಲೇಪದ ತಗಡೇ ಎಂದು ಆಣೆ ಮಾಡಿ ಹೇಳಲಾರೆ. ಬಿಸಿಲಿತ್ತು, ತಗಡು ಹೊಳೆಯುತ್ತಿತ್ತು, ಅಷ್ಟು ಖಾತ್ರಿ.

ಚೆಂಬೂರಿನ ಈ ಬಿಲ್ಡಿಂಗಿನಲ್ಲಿ ನಮ್ಮದೇ ಕೊನೆಯ ಮಹಡಿ. ಟೆರೇಸಿನ ಒಂದು ಪಾಲಿಗೆ ತಗಡು ಹೊದಿಸಿ ಮಾಡಿಕೊಂಡ ಕೋಣೆ ಅತ್ತೆಯದು. ಆ ತಗಡು ಪಕ್ಕದ ಎತ್ತರದ ಗೋಡೆಗೆ ತಾಗುವ ಸಂದಿಯಿಂದ ಪ್ರತಿ ಮಳೆಗಾಲವೂ ನೀರು ಇಳಿಯುತ್ತಿತ್ತು. ಇಳಿದೊಡನೆ ಅತ್ತೆ ಚೀಲ ತುಂಬಿಕೊಂಡು ಅಂಧೇರಿಯ ಮಗಳ ಮನೆಗೆ ಹೊರಡುತ್ತಿದ್ದರು. ಮರಳುತ್ತಿದ್ದದ್ದು ನವರಾತ್ರಿಗೆ. ಈ ವಯಸ್ಸಿನಲ್ಲಿ ತಮ್ಮ ಕೋಣೆ ಬಿಟ್ಟು ಅಲೆಯುವಂತಾಯಿತಲ್ಲ ಎಂದು ನನಗೆ ಸಂಕಟ. ಈ ವರ್ಷ ಅವರನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕೆಂದು ಹಟ ಹಿಡಿದೆ. ಹಿಂದೆಲ್ಲ ಡಾಂಬರು ಬಳಿದು ಸೋತವಳೂ ನಾನೇ.

ಮಾಳಪ್ಪ ವಿಜಯಪುರದ ಕಡೆಯವರು, ಬೈಕುಲ್ಲಾದಲ್ಲಿ ತಗಡಿನ ಕೆಲಸ ಮಾಡುತ್ತಾರೆ. ನನ್ನ ಡಾಂಬರನ್ನು ಉಗುರಿನಿಂದ ಕೆರೆದು ನೋಡಿ, “ಇದೇನ್ರೀ ಅಕ್ಕಾರ, ಗೋಡಿಗಿ ಕಾಡಿಗಿ ಹಚ್ಚೀರಿ? ದೃಷ್ಟಿ ಆಗಬಾರದಂತೇನು?” ಎಂದರು.

ಆಮೇಲೆ ಸಂದಿಗಿಂತ ತುಸು ಮೇಲೆ ಗೋಡೆಯ ಉದ್ದಕ್ಕೂ ಒಂದು ಗೀರು ಕೊರೆದು, ತಾವು ತಂದ ಹಾಳೆಯ ಮೇಲಂಚನ್ನು ಮಡಿಸಿ ಅದರೊಳಗೆ ತೂರಿಸಿ, ಸಿಮೆಂಟು ತುಂಬಿದರು. ಕೆಳಗಿನ ಅರ್ಧ ಸೂರಿನ ಮೇಲೆ ಸೆರಗಿನಂತೆ ಸುಮ್ಮನೆ ಒರಗಿಕೊಂಡಿತು. ಅದಕ್ಕೂ ಮೊಳೆ ಹೊಡೆಯಬೇಡವೇ ಎಂದೆ.

“ಬಿಸಲಿಗೆ ಸೂರಿನ ತಗಡ ಹಿಗ್ಗತೈತ್ರಿ, ಗೋಡಿ ಹಂಗ ಹಿಗ್ಗಂಗಿಲ್ಲ. ಎರಡಕ್ಕೂ ಬಡದ್ರ ಒಂದಿನ ಹರಕೊಂಡ ಹೋಗತೈತಿ. ಬಿಡ್ರಿ, ಅದರ ಪಾಡಿಗಿ ಅದು ಸರದಾಡಲಿ.”

ನಾನು ಓದಿದ್ದು ಇತಿಹಾಸ. ಗುಡಿಗಳ ಹೊರಗೋಡೆಯ ಮೇಲೆ ಬಾಗಿ ಮುಂದೆ ಚಾಚಿದ, ಕಪೋತವೆಂಬ ಕಲ್ಲಿನ ಅಂಚಿನ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ತುಂಬಿಸಿದ್ದೆ, ಎರಡೂ ಅದರ ಚೆಲುವಿನ ಮೇಲೆ. ಆ ಅಂಚು ಮಳೆನೀರನ್ನು ಗೋಡೆಯಿಂದ ದೂರಕ್ಕೆ ಬೀಳಿಸುತ್ತದೆಂದು ತಲೆಗೆ ಹೊಳೆದದ್ದು, ಮಾಳಪ್ಪ ಹಾಳೆಯ ತುದಿಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಾಗಿಸಿದಾಗ. ಆ ಪರೀಕ್ಷೆಯಲ್ಲಿ ನನ್ನನ್ನು ಪಾಸು ಮಾಡಿದವರು ದೊಡ್ಡ ಮನಸ್ಸಿನವರು.

ಜುಲೈಯಲ್ಲಿ ಲೋಕಲ್ ರೈಲು ನಿಲ್ಲುವಷ್ಟು ಮಳೆ ಸುರಿಯಿತು. ಗೋಡೆ ಹಪ್ಪಳದಷ್ಟು ಒಣಗಿತ್ತು. ನಾನು ದಿನಕ್ಕೆ ಮೂರು ಸಲ ಮುಟ್ಟಿ ನೋಡಿ ಬೀಗಿದೆ. ಅತ್ತೆಯೂ ಮುಟ್ಟಿ ನೋಡುತ್ತಿದ್ದರು.

“ಒಂದು ಹನೀನೂ ಇಲ್ಲ ಕಣೆ. ಚೆನ್ನಾಗಿ ಮಾಡಿದಾರೆ.”

ಹೊಗಳಿಕೆಯೇ. ಆದರೆ ದನಿ ಸ್ವಲ್ಪ ಇಳಿದಿತ್ತು, ಅಥವಾ ಈಗ ನೆನೆಯುವಾಗ ನಾನೇ ಇಳಿಸುತ್ತಿದ್ದೇನೆ.

ನಮ್ಮ ಮೈಸೂರು ಕಡೆಯ ಹಿರಿಯರಿಗೆ ಕಾರಣವಿಲ್ಲದೆ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದೆಂದರೆ ಸಂಕೋಚ. ಸೋರುವ ಗೋಡೆ ಒಳ್ಳೆಯ ಕಾರಣ. ಅಂಧೇರಿಗೆ ಹೋಗುವುದನ್ನು ಅಲೆದಾಟ ಎಂದು ಕರೆದವರು ಯಾರು? ಅತ್ತೆ ಒಮ್ಮೆಯಾದರೂ ದೂರಿದ್ದರೇ? ಎಷ್ಟು ಕೆದಕಿದರೂ ನೆನಪಿನಲ್ಲಿ ಕೇಳುವುದು ನನ್ನದೇ ಮಾತು. ಸಂದಿಯ ಜೊತೆಗೆ ಅವರ ನೆಪವನ್ನೂ ಮುಚ್ಚಿಸಿಬಿಟ್ಟೆನೇ?

ಮೊನ್ನೆ ಹುರುಳಿಕಾಯಿ ಬಿಡಿಸುತ್ತಾ ಕುಳಿತಿದ್ದಾಗ ಕೇಳಿಯೇಬಿಟ್ಟೆ. ಅವರು ಕಾಯಿಯ ನಾರು ಎಳೆಯುತ್ತಲೇ ಇದ್ದರು.

“ಅತ್ತೆ, ಗೋಡೆ ಸೋರಲಿ ಬಿಡಲಿ, ಅಂಧೇರಿಗೆ ಹೋಗಿ ಇದ್ದು ಬರ್ತೀರಾ?”