ಗುರುವಾರದ ಪ್ರಶ್ನೆ

ಗುರುವಾರ ಸಂಜೆ ಐದೂವರೆಗೆ ನಾನು ಯಾರಿಗೂ ಸಿಗುವುದಿಲ್ಲ. ನಾರಾಯಣಪೇಟೆಯ ನಮ್ಮ ಓಣಿಗೆಲ್ಲ ಇದು ಗೊತ್ತು. ಎದುರುಮನೆಯ ಅರ್ಚಕರ ಹೆಂಡತಿ, ನಾನು ರಾಯರ ವ್ರತ ಹಿಡಿದಿದ್ದೇನೆಂದೇ ಬಹಳ ದಿನ ನಂಬಿದ್ದರು. “ಮಂತ್ರಾಲಯಕ್ಕ ಯಾವಾಗ ಹೋಗ್ತೀರಿ ಹೇಳ್ರೀ, ನಾವೂ ಬರ್ತೀವಿ” ಎಂದು ಎರಡು ಸಲ ಕೇಳಿದರು. ನಾನು ತಿದ್ದಲಿಲ್ಲ. ಹೇಳಲು ಹೊರಟರೆ ಕಥೆ ಉದ್ದ, ಮತ್ತು ಸುಮ್ಮನೆ ಸಿಗುವ ಪುಣ್ಯವನ್ನು ಬೇಡ ಅನ್ನುವಷ್ಟು ದೊಡ್ಡವಳು ನಾನಲ್ಲ.

ಆ ಹೊತ್ತಿಗೆ ನಾನು ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು, ಇಸ್ರೇಲಿನ ಒಂದು ಊರಿನಲ್ಲಿರುವ ಎಂಬತ್ತೆಂಟು ವರ್ಷದ ಯಹೂದಿ ಮುದುಕರೊಬ್ಬರ ಜೊತೆ ಫೋನಿನಲ್ಲಿ ಜಗಳವಾಡುತ್ತಿರುತ್ತೇನೆ. ಅವರು ಅದನ್ನು ಓದು ಅನ್ನುತ್ತಾರೆ.

ನಾನು ನರ್ಸು. ಮಕ್ತಲ್‌ನ ಒಂದು ಸಣ್ಣ ದವಾಖಾನೆಯಲ್ಲಿ ಕೆಲಸಕ್ಕಿದ್ದವಳು, ಸ್ವಂತ ಮನೆ ಕಟ್ಟಿಸುವ ಹುಚ್ಚು ಹಿಡಿದು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಆ ದೇಶಕ್ಕೆ ಹೋದೆ. ಐದು ವರ್ಷ ಈ ಒಬ್ಬರ ಮನೆಯಲ್ಲೇ ಇದ್ದೆ. ಪ್ರಾಯದಲ್ಲಿ ಬಸ್ಸು ಓಡಿಸಿದವರು. ಹೆಂಡತಿ ತೀರಿಕೊಂಡಿದ್ದರು, ಮಗಳ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಅವರ ಭಾಷೆ ಹೀಬ್ರೂ ನನಗೆ ಒಂದು ವರ್ಷದಲ್ಲಿ ಮಾತಿನ ಮಟ್ಟಿಗೆ ಬಂತು. ಅಕ್ಷರದ ತಂಟೆಗೆ ನಾನು ಹೋಗಲಿಲ್ಲ. ಅವರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ಯಾಕೆಂದರೆ ನನ್ನ ಕಿವಿಗೆ ಅದು ಹಾಗೇ ಬೀಳುತ್ತಿತ್ತು. ನಾನು ಅವರನ್ನು ಮುತ್ಯಾ ಎಂದು ಕರೆಯುತ್ತಿದ್ದೆ. ಅಜ್ಜನಿಗೆ ನಮ್ಮಲ್ಲಿ ಹಾಗನ್ನುತ್ತೇವೆ ಎಂದು ತಿಳಿಸಿದಾಗ ಒಪ್ಪಿಕೊಂಡರು.

ಮುತ್ಯಾನ ಮನೆಗೆ ದಿನವೂ ಬೆಳಿಗ್ಗೆ ಹತ್ತಕ್ಕೆ ಒಬ್ಬ ಗೆಳೆಯ ಬರುತ್ತಿದ್ದರು. ಔಷಧದ ಅಂಗಡಿ ನಡೆಸಿ ಸಾಕಾಗಿ ಬಿಟ್ಟವರು. ಅವರು ಬರುವ ಹೊತ್ತಿಗೆ ಮುತ್ಯಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದರು. ಇಬ್ಬರೂ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ತಮ್ಮ ಧರ್ಮಗ್ರಂಥ ತೋರಾವನ್ನು ತೆರೆಯುತ್ತಿದ್ದರು. ಹತ್ತು ನಿಮಿಷ ಎಲ್ಲ ಶಾಂತ. ಆಮೇಲೆ ಮೇಜು ಗುದ್ದುವುದು, ಕೈ ಬೀಸುವುದು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಏರಿ ಹೋಗುವುದು. ಮೊದಲ ವಾರವೇ ನಾನು ಹೆದರಿ ಮಗಳಿಗೆ ಫೋನು ಮಾಡಿದೆ, ಇಬ್ಬರೂ ಹೊಡೆದಾಡುವ ಹಾಗಿದೆ, ಬೇಗ ಬನ್ನಿ ಎಂದು. ಆಕೆ ನಕ್ಕುಬಿಟ್ಟಳು. “ನಲವತ್ತು ವರ್ಷದಿಂದ ಹಿಂಗೇ ಬಡಿದಾಡ್ತಾರ. ಚಾ ಕೊಡು, ಸಾಕು” ಅಂದಳು.

ಆಮೇಲೆ ತಿಳಿಯಿತು. ಆ ಗ್ರಂಥವನ್ನು ವಾರಕ್ಕೊಂದು ಭಾಗವಾಗಿ ಹಂಚಿಟ್ಟಿದ್ದಾರೆ. ಜಗತ್ತಿನಲ್ಲಿ ಯಹೂದಿಗಳು ಎಲ್ಲೇ ಇರಲಿ, ಹೆಚ್ಚುಕಡಿಮೆ ಎಲ್ಲರೂ ಆ ವಾರ ಅದೇ ಭಾಗವನ್ನು ಓದುತ್ತಾರೆ. ವರ್ಷಕ್ಕೆ ಗ್ರಂಥ ಮುಗಿಯುತ್ತದೆ. ಮುಗಿದ ದಿನವೇ, ಪುಸ್ತಕ ಮಡಚಿಡದೆ, ಮತ್ತೆ ಮೊದಲ ಸಾಲಿನಿಂದ ಶುರು. ಇಬ್ಬರು ಕೂತು ಓದುವುದು ಅವರ ಹಳೆಯ ಪದ್ಧತಿ: ಒಬ್ಬ ಓದಿ ಅರ್ಥ ಹೇಳಬೇಕು, ಇನ್ನೊಬ್ಬ ಒಪ್ಪಬಾರದು.

ನನ್ನ ಎರಡನೆಯ ಚಳಿಗಾಲದಲ್ಲಿ ಆ ಗೆಳೆಯ ಸತ್ತುಹೋದರು. ನಿದ್ದೆಯಲ್ಲೇ ಹೋದರಂತೆ. ಮುತ್ಯಾ ಅಳಲಿಲ್ಲ. ಮರುದಿನ ಹತ್ತಕ್ಕೆ ಅಂಗಿ ತೊಟ್ಟು ಕೂತರು, ಹನ್ನೊಂದಕ್ಕೆ ಎದ್ದು ಬಿಚ್ಚಿದರು. ಅದರ ಮರುದಿನದಿಂದ ಬನಿಯನ್ನಿನಲ್ಲೇ ಇದ್ದರು. ಊಟ ಅರ್ಧವಾಯಿತು. ಮಾತ್ರೆ ಕೊಟ್ಟರೆ ನುಂಗುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಮನುಷ್ಯ ಹೀಗೆ ಬತ್ತುವುದನ್ನು ದವಾಖಾನೆಯಲ್ಲಿ ನೋಡಿದ್ದೇನೆ. ಅದಕ್ಕೆ ಇಂಜೆಕ್ಷನ್ ಇಲ್ಲ. ಒಂದು ದಿನ ಸಿಟ್ಟಿನಿಂದ ಪುಸ್ತಕ ತಂದು ಅವರ ಮುಂದಿಟ್ಟೆ.

“ಒಬ್ಬನ ಓದಿದ್ರ ಅದು ಓದಲ್ಲ ಮಗಳ” ಅಂದರು. ಆಮೇಲೆ ಎದುರಿನ ಕುರ್ಚಿ ತೋರಿಸಿ, “ನೀ ಕುಂದುರು” ಅಂದರು.

“ನಾ ನಿಮ್ಮ ಧರ್ಮದಾಕಿ ಅಲ್ಲಲ್ರೀ ಮುತ್ಯಾ. ಲಿಂಗ ಕಟ್ಟಿಕೊಂಡಾಕಿ.”

“ಪ್ರಾರ್ಥನಿಗೆ ಹತ್ತು ಮಂದಿ ನಮ್ಮವ್ರ ಬೇಕು. ಓದಾಕ ಕೇಳೋರು ಒಬ್ರು ಸಾಕು. ದೇವ್ರು ಏನರ ಅಂದ್ರ ನಾ ಮಾತಾಡ್ಕೋತೀನಿ.”

ಕೂತೆ. ಅವರು ಓದಿ, ಸುಲಭದ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದರು. ನಾನು ಕೈಕಟ್ಟಿ ತಲೆಯಾಡಿಸುತ್ತಿದ್ದೆ. ಹೌದ್ರೀ, ಖರೇ ಐತ್ರೀ, ಎಷ್ಟು ಚಂದ ಹೇಳಿದ್ರೀ. ನಾನು ಕಲಿತದ್ದೇ ಹಾಗೆ. ಉಟ್ಕೂರಿನ ನನ್ನ ತವರಿನಲ್ಲಿ ಶ್ರಾವಣದ ಸಂಜೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಸೆರಗು ಹೊದ್ದು ಕೂತು ಕೇಳುವುದು, ಮುಗಿದ ಮೇಲೆ ಕೈಮುಗಿಯುವುದು, ಅಷ್ಟೇ. ನಡುವೆ ಬಾಯಿ ಹಾಕಿದರೆ ಅಧಿಕಪ್ರಸಂಗಿ ಎಂದು ಅವ್ವ ತೊಡೆ ಚಿವುಟುತ್ತಿದ್ದಳು. ಹಿರಿಯರಿಗೆ ಎದುರಾಡಬಾರದು ಎಂಬುದು ನಮಗೆ ಹಾಲಿನ ಜೊತೆ ಕುಡಿಸಿದ ಮಾತು.

ಮೂರನೆಯ ವಾರ ಮುತ್ಯಾ ಪುಸ್ತಕ ಮುಚ್ಚಿದರು. ಅದಕ್ಕೆ ಮುತ್ತಿಟ್ಟು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ತಲಿ ಆಡ್ಸೋರು ನನಗ ಬ್ಯಾಡ. ಗ್ವಾಡಿ ಮುಂದ ಕುಂತ್ರೂ ಇಷ್ಟ ಆಗ್ತಿತ್ತು” ಅಂದರು. ನನಗೆ ಅವಮಾನವಾಯಿತು. ಮರ್ಯಾದೆ ಕೊಟ್ಟದ್ದೇ ತಪ್ಪಾದರೆ ಏನು ಮಾಡಬೇಕು? ನಾಲ್ಕು ದಿನ ಬೇಕಾದಷ್ಟೇ ಮಾತಾಡಿದೆವು.

ಹಾಗೇ ಮುನಿಸು, ಮತ್ತೆ ಕೂರುವುದು, ಮತ್ತೆ ತಲೆಯಾಡಿಸುವುದು ಎಂದು ತಿಂಗಳುಗಳು ಕಳೆದವು. ವರ್ಷ ಮುಗಿದು ಗ್ರಂಥ ಮತ್ತೆ ಮೊದಲಿನಿಂದ ಶುರುವಾದ ಕೆಲವೇ ವಾರಕ್ಕೆ ಒಂದು ಕಥೆ ಬಂತು. ಒಬ್ಬ ದೊಡ್ಡ ಶ್ರೀಮಂತ, ಮನೆತುಂಬ ಆಡು, ಒಂಟೆ. ಹೆಂಡತಿಯ ಮಾತು ಕೇಳಿ, ತನ್ನ ಮಗನನ್ನು ಹೆತ್ತ ದಾಸಿಯನ್ನು ಮಗನ ಸಮೇತ ಮನೆಯಿಂದ ಹೊರಗೆ ಹಾಕುತ್ತಾನೆ. ಕೈಗೆ ಸ್ವಲ್ಪ ರೊಟ್ಟಿ, ಒಂದು ತೊಗಲಿನ ಚೀಲದಷ್ಟು ನೀರು. ಎದುರಿಗೆ ಮರುಭೂಮಿ. ನನಗೆ ಎಲ್ಲಿತ್ತೋ ಸಿಟ್ಟು.

“ಒಂದು ಚೀಲ ನೀರು ಎಷ್ಟು ಹೊತ್ತು ಬರ್ತೈತ್ರೀ? ನಮ್ಮೂರಾಗ ಬ್ಯಾಸಿಗಿದಾಗ ಬಾವಿಗೆ ಹೋಗಿ ಬರಾಕನ ಒಂದು ತಂಬಿಗಿ ಬೇಕು. ಅಷ್ಟು ಒಂಟೆ ಇದ್ದಾಂವ ಏರಿ ಹೋಗಾಕ ಒಂದು ಕತ್ತೆನರ ಕೊಡಬಾರದಾಗಿತ್ತೇನು? ಮಂದಿ ಮನ್ಯಾಗ ದುಡಿದಾಕಿಗೆ ಇಷ್ಟನ ಏನು?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಶ್ರೀಮಂತ ಅವರ ಕುಲದ ಮೂಲಪುರುಷ, ಅವನಿಗೇ ಬೈದಿದ್ದೆ. ಅದೂ ಅವರದೇ ಮೇಜಿಗೆ ಕೂತು, ಅವರ ಮನೆಯ ಕೆಲಸದವಳು.

ಮುತ್ಯಾ ಪುಸ್ತಕದಿಂದ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಅವರ ಮುಖ ಅರಳಿತು. ಅಂಥ ಸಂತೋಷವನ್ನು ಆ ಮುಖದಲ್ಲಿ ನಾನು ಆವರೆಗೆ ನೋಡಿರಲಿಲ್ಲ. “ನನ್ನ ಅಂಗಿ ತಾ” ಅಂದರು. ತೊಟ್ಟು, ಗುಂಡಿ ಹಾಕಿಕೊಂಡು, ಕಪಾಟಿನಿಂದ ನಾಲ್ಕು ದಪ್ಪ ಪುಸ್ತಕ ಇಳಿಸಿದರು. ನೂರಾರು ವರ್ಷದ ಹಿಂದಿನ ಪಂಡಿತರೂ ಇದನ್ನೇ ಕೇಳಿದ್ದಾರಂತೆ. ಒಬ್ಬರು ಅವನ ಪರ ವಾದಿಸಿದ್ದಾರೆ, ಇನ್ನೊಬ್ಬರು ಅವನು ಮಾಡಿದ್ದು ತಪ್ಪೇ ಅಂದಿದ್ದಾರೆ. ಆ ದಿನ ಊಟ ಮೂರು ಗಂಟೆಗಾಯಿತು. ಮುತ್ಯಾ ಎರಡು ಸಲ ಬಡಿಸಿಕೊಂಡರು. ನಾನಂತೂ ಉಬ್ಬಿಹೋಗಿದ್ದೆ. ಉಟ್ಕೂರಿನ ಸರ್ಕಾರಿ ಶಾಲೆಯ ಹಿಂದಿನ ಬೆಂಚಿನವಳು ಪಂಡಿತರ ಪ್ರಶ್ನೆ ಕೇಳಿದ್ದೆ ಎಂದರೆ ಸುಮ್ಮನೆಯೇ?

ಅಲ್ಲಿಂದ ಮೂರು ವರ್ಷ ಬಡಿದಾಡಿದೆವು. ನಾನು ನಿಮ್ಮ ಮತಕ್ಕೆ ಸೇರಬೇಕೇ ಎಂದು ಒಮ್ಮೆ ಕೇಳಿದ್ದಕ್ಕೆ ಗಾಬರಿಯಾದರು. “ಬ್ಯಾಡ ತಾಯಿ. ಆರುನೂರಾ ಹದಿಮೂರು ಕಟ್ಟಳಿ ಅದಾವು, ನನಗ ಸಾಕಾಗೇತಿ.”

ನನ್ನ ವೀಸಾದ ಅವಧಿ ಮುಗಿಯಿತು. ಹೊರಡುವ ದಿನ ಮುತ್ಯಾ ಮತ್ತೆ ಬನಿಯನ್ನಿನಲ್ಲಿದ್ದರು. ಶುಕ್ರವಾರ ಸಂಜೆಯಿಂದ ಅವರ ವಾರದ ವಿಶ್ರಾಂತಿಯ ದಿನ, ಆಗ ಅವರು ಫೋನು ಮುಟ್ಟುವುದಿಲ್ಲ, ಅದಕ್ಕೇ ಫೋನಿನ ಓದಿಗೆ ಗುರುವಾರ ಎಂದು ಗೊತ್ತುಮಾಡಿದೆವು. ಅವರ ಮಗಳು ನೆನಪಿಗಿರಲಿ ಎಂದು ತನ್ನ ಮಕ್ಕಳು ಕಲಿತ ಅಕ್ಷರಮಾಲೆಯ ಪುಸ್ತಕವೊಂದನ್ನು ನನ್ನ ಚೀಲಕ್ಕೆ ಹಾಕಿದಳು.

ಊರಿಗೆ ಬಂದರೆ ಹೊಸ ಮನೆ ನಿಂತಿತ್ತು. ಅದರಲ್ಲಿ ನನಗೆ ಜಾಗ ಇತ್ತು, ಕೆಲಸ ಇರಲಿಲ್ಲ. ಅತ್ತೆ, ಗಂಡ, ಮಗಳು ಮೂವರೂ ಐದು ವರ್ಷದಲ್ಲಿ ನಾನಿಲ್ಲದೆ ನಡೆಸುವುದನ್ನು ಕಲಿತಿದ್ದರು, ಚೆನ್ನಾಗಿಯೇ ಕಲಿತಿದ್ದರು. ಒಗ್ಗರಣೆ ಡಬ್ಬಿ ಎಲ್ಲಿದೆ ಎಂದು ನನ್ನ ಮನೆಯಲ್ಲೇ ನಾನು ಕೇಳಬೇಕಿತ್ತು. ಮಗಳು ಪ್ರೀತಿಯಿಂದಲೇ, “ನೀ ಕುಂದುರವ್ವ, ನಾ ಮಾಡ್ತೀನಿ” ಅನ್ನುತ್ತಿದ್ದಳು. ಮುತ್ಯಾನ ಮಾತ್ರೆಯ ಹೊತ್ತಿಗೆ ಎಚ್ಚರವಾಗಿ ಸುಮ್ಮನೆ ಹಾಸಿಗೆಯ ಮೇಲೆ ಕೂರುತ್ತಿದ್ದೆ. ಬಹಳ ಕಷ್ಟವಾಯಿತು. ಯಾರ ಮುಂದೆ ಹೇಳಿಕೊಳ್ಳುವುದು?

ನನ್ನನ್ನು ಹಿಡಿದು ನಿಲ್ಲಿಸಿದ್ದು ಗುರುವಾರ. ಮಕ್ತಲ್‌ನ ಹಳೆಯ ಕೆಲಸಕ್ಕೇ ಮತ್ತೆ ಸೇರಿದೆ. ಹೋಗಿ ಬರುವ ಬಸ್ಸಿನಲ್ಲಿ ಆ ವಾರದ ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ಹೊಲ ಕೊಯ್ಯುವಾಗ ಮೂಲೆಯೊಂದನ್ನು ಬಡವರಿಗೆಂದು ಬಿಡಬೇಕು ಎಂಬ ಭಾಗ ಬಂದ ವಾರ ನಾನು ದಾಮರಗಿದ್ದದಲ್ಲಿ ಅವ್ವನ ತಂಗಿಯ ಮನೆಯಲ್ಲಿದ್ದೆ. ಶೇಂಗಾ ಕಿತ್ತ ಹೊಲದಲ್ಲಿ ಹೆಂಗಸರು ಹಕ್ಕಲು ಆಯುತ್ತಿದ್ದರು. ಉಳಿದ ಕಾಯಿಗಾಗಿ ಕುಡುಗೋಲಿನ ತುದಿಯಿಂದ ಮಣ್ಣು ಕೆದಕುವುದು. ಅವ್ವನೂ ನಾನೂ ಅದನ್ನು ಮಾಡಿದವರೇ. ಗುರುವಾರ ಕೇಳಿದೆ: ಮೂಲೆ ಎಷ್ಟು ದೊಡ್ಡದು ಎಂದು ನಿರ್ಧರಿಸುವವನು ಹೊಲದ ಒಡೆಯನೇ ಆದರೆ ಅದು ಯಾರ ಕಾನೂನು? ಮುತ್ಯಾ ಒಂದು ತಾಸು ಕೂಗಾಡಿದರು. ಫೋನಿಟ್ಟಾಗ ನಾನು ಹೊಸಬಳಾಗಿದ್ದೆ. ಕೇಳಲು ಒಬ್ಬರಿದ್ದಾರೆ ಎಂದಾದರೆ ಕಣ್ಣು ತಾನಾಗಿಯೇ ಸುತ್ತ ನೋಡಲು ಶುರು ಮಾಡುತ್ತದೆ.

ಹೋದ ವರ್ಷ ಶ್ರಾವಣದಲ್ಲಿ ಗದ್ವಾಲ್‌ಗೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ, ಭಾವ ಇಬ್ಬರೂ ಒಂದೇ ಮಗ್ಗದ ಮೇಲೆ ಕೂತು ಸೀರೆ ನೇಯುತ್ತಾರೆ. ಗುರುವಾರ ಅಲ್ಲಿಂದಲೇ ಫೋನು ಮಾಡಿದೆ. ಮುತ್ಯಾನ ದನಿ ಸಪ್ಪೆಯಾಗಿತ್ತು.

“ಅಕ್ಷರ ಎಲ್ಲಾ ಇರುವಿ ಆಗ್ಯಾವ ಮಗಳ. ಡಾಕ್ಟರು ಕಣ್ಣಿಗೆ ಇನ್ನ ಏನೂ ಮಾಡಾಕ ಬರಂಗಿಲ್ಲ ಅಂದ್ರು. ಈ ವರ್ಷದ್ದು ಹ್ಯಾಂಗರ ನೆನಪಿನ ಮ್ಯಾಲ ಮುಗಿಸೂನು. ಮುಂದ ಸಾಕು.”

ಮಗಳು ಪುಸ್ತಕ ಓದಿ ಹೇಳುವ ಯಂತ್ರ ತಂದುಕೊಟ್ಟಿದ್ದಳಂತೆ. “ಅದರ ಕೂಡ ಜಗಳಾ ಹ್ಯಾಂಗ ಆಡೂದು?” ಅಂದರು. ಸಾಕು ಎಂದರೆ ಅವರ ಬಾಯಲ್ಲಿ ಏನು ಅರ್ಥ ಎಂದು ನನಗೆ ಗೊತ್ತಿತ್ತು. ಬನಿಯನ್ನು, ಅರ್ಧ ಊಟ, ಕೊಟ್ಟರೆ ಮಾತ್ರೆ. ನನ್ನ ಗುರುವಾರಗಳ ಗತಿ ಏನು ಎಂದೂ ಹೊಳೆಯಿತು. ಸುಳ್ಳು ಯಾಕೆ, ಮೊದಲು ಹೊಳೆದದ್ದೇ ಅದು.

ನನ್ನ ಮುಖ ನೋಡಿ ಅಕ್ಕ ಮಗ್ಗದಿಂದಲೇ ಕೇಳಿದಳು. ಹೇಳಿದೆ. ಆಕೆ ಲಾಳಿ ಎಸೆಯುತ್ತ, “ನಿಮ್ಮ ಭಾವಗ ಬೆನ್ನು ನೋವು ಬಂದಾಗ ಆಂವ ಕುಂದರೂ ಕಡಿ ನಾ ಕುಂತೆ, ನಾ ಕುಂದರೂ ಕಡಿ ಆಂವ ಕುಂತ. ಮಗ್ಗ ನಿಂದ್ರಸ್ಲಿಲ್ಲ” ಅಂದಳು.

ಮನೆಗೆ ಬಂದವಳೇ ಕಪಾಟಿನಿಂದ ಅಕ್ಷರಮಾಲೆ ತೆಗೆದೆ. ನಲವತ್ತಾರನೆಯ ವಯಸ್ಸಿನಲ್ಲಿ, ಮಕ್ತಲ್ ಬಸ್ಸಿನಲ್ಲಿ, ಬೆಕ್ಕು, ಕೊಡೆಗಳ ಚಿತ್ರ ನೋಡಿ ಅಕ್ಷರ ತಿದ್ದಿದೆ. ಪುಟವನ್ನು ಎಡದಿಂದ ಬಲಕ್ಕೆ ತಿರುಗಿಸುವುದನ್ನು ಕಂಡು ಕಂಡಕ್ಟರಮ್ಮ ತೆಲುಗಿನಲ್ಲಿ, “ಪುಸ್ತಕಂ ತಿರಗೇಸಿ ಪಟ್ಟುಕುನ್ನಾರು ಅಮ್ಮಾ” ಅಂದಳು, ತಿರುಗಿಸಿ ಹಿಡಿದಿದ್ದೀರಿ ಎಂದು. ಪಕ್ಕದಲ್ಲಿ ಉರ್ದು ಪತ್ರಿಕೆ ಓದುತ್ತಿದ್ದ ಸಾಹೇಬರು ನನ್ನ ಪರ ನಿಂತರು: “ಬರೋಬ್ಬರಿ ಐತಿ ಬಿಡಮ್ಮ. ನಮ್ದೂ ಬಲಗಡಿಯಿಂದನ.” ಮುತ್ಯಾನ ಮಗಳಿಗೆ ಹೇಳಿ ಗ್ರಂಥದ ಮೊದಲ ಪುಟವನ್ನು ದೊಡ್ಡ ಅಕ್ಷರದಲ್ಲಿ ಕಳಿಸಲು ಕೇಳಿಕೊಂಡೆ. ಅಪ್ಪನಿಗೆ ಹೇಳಬೇಡ ಅಂದೆ. ಎರಡು ತಿಂಗಳಾದರೂ ನಾನು ಎಡವುತ್ತಲೇ ಇದ್ದೆ.

ಗ್ರಂಥ ಮುಗಿಯುವ ಹಬ್ಬದ ಹಿಂದಿನ ಗುರುವಾರ ಬಂತು. ಕೊನೆಯ ಭಾಗ: ಜನರನ್ನು ನಲವತ್ತು ವರ್ಷ ನಡೆಸಿಕೊಂಡು ಬಂದ ನಾಯಕ ಬೆಟ್ಟದ ಮೇಲೆ ನಿಂತು ಆಚೆಯ ನಾಡನ್ನು ನೋಡುತ್ತಾನೆ. ಒಳಗೆ ಹೋಗಲು ಅವನಿಗೆ ಅಪ್ಪಣೆಯಿಲ್ಲ, ಅಲ್ಲೇ ಸಾಯುತ್ತಾನೆ. ಮುತ್ಯಾ ನೆನಪಿನಿಂದಲೇ ಹೇಳಿ ಮುಗಿಸಿದರು. ನಾನು ಕೇಳಲು ಬಾಯಿ ತೆರೆದರೆ, “ಇವತ್ತ ಪ್ರಶ್ನಿ ಬ್ಯಾಡ ಮಗಳ. ಮುಗೀತು” ಅಂದರು.

“ಮುಗಿದ ದಿನಾನ ಮೊದಲ್ನೇ ಸಾಲು ಓದಬೇಕು ಅಂತ ನೀವ ಹೇಳಿದ್ರಿ.”

“ಓದಾಕ ಕಣ್ಣೆಲ್ಲಿ ಅದಾವು?”

“ನನಗ ಅದಾವಲ್ರೀ” ಎಂದು, ಹಾಳೆಯನ್ನು ಮಂಡಿಯ ಮೇಲಿಟ್ಟು ಬೆರಳು ಹಿಡಿದು ಓದಿದೆ. ಏಳೇ ಪದ. ಒಂದೊಂದನ್ನೂ ಮುಗಿಸುವಷ್ಟರಲ್ಲಿ ಬೆವೆತೆ. ಕೊನೆಯದು ಮುಗಿಸಿ ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಕೆಳಗೆ ಅತ್ತೆ ಯಾರಿಗೋ, “ಗುರುವಾರ ಆಕಿನ್ನ ಕರೀಬ್ಯಾಡ್ರಿ” ಅನ್ನುವುದು ಕೇಳಿಸಿತು.

“ಎರಡ್ನೇದು ತಪ್ಪು ಓದಿದಿ” ಎಂದಿತು ಮುತ್ಯಾನ ದನಿ. “ನಾಕ್ನೇದೂ ತಪ್ಪು. ಓದಿದ್ದಾತು, ಇದರ ಅರ್ಥ ಏನು ಹೇಳ್ತಿ? ಹೇಳು, ನಾ ಒಪ್ಪಂಗಿಲ್ಲ.”

ನನಗೆ ಅಳು ಬಂತು. ತೋರಿಸಿಕೊಳ್ಳಲಿಲ್ಲ. “ಮತ್ತೊಮ್ಮೆ ಓದ್ಲೇನ್ರೀ?” ಅಂದೆ.

ಕುರ್ಚಿ ಎಳೆದ ಸದ್ದಾಯಿತು.

“ತಡಿ” ಅಂದರು. “ಅಂಗಿ ಹಾಕ್ಕೊಂಡು ಬರ್ತೀನಿ.”